ಎಡಗಡೆಯ ಸ್ಪೀಕರ್

ಪಕ್ಕದ ಸೀಟಿನಲ್ಲಿಟ್ಟಿದ್ದ ಸ್ಟೀರಿಯೋದ ರಟ್ಟಿನ ಪೆಟ್ಟಿಗೆಯನ್ನು ಕಾರು ಮನುಷ್ಯನೆಂದೇ ತಿಳಿದಿರಬೇಕು. ತನ್ನ ಮನೆಯಿರುವ ರಾಂಚೊ ಬರ್ನಾರ್ಡೊದಲ್ಲಿ ಫ್ರೀವೇ ಹತ್ತಿದ ಗಳಿಗೆಯಿಂದ ಬೆಲ್ಟ್ ಹಾಕಿಲ್ಲವೆಂದು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಶಬ್ದ ಗಿರಿಧರನಿಗೆ ಕೇಳಿಸುತ್ತಿತ್ತು. ಎಲ್ಲಿಂದ ಬರುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ. ಮೊದಲು ಫೋನ್ ಇರಬೇಕೆಂದುಕೊಂಡ, ಆಮೇಲೆ ಟೈರು, ಆಮೇಲೆ ಪಕ್ಕದ ಲೇನಿನ ಟ್ರಕ್ಕು. ಎಸ್ಕೊಂಡಿಡೊ ದಾಟುವಾಗ ಕೆಂಪು ದೀಪ ಕಣ್ಣಿಗೆ ಬಿತ್ತು. ಒಂದು ಕೈಯಿಂದ ಬೆಲ್ಟ್ ಎಳೆದು ಪೆಟ್ಟಿಗೆಗೆ ಸುತ್ತಿದ, ಕಾರು ಸುಮ್ಮನಾಯಿತು. ಒಂದು ವರ್ಷದಿಂದ ಅವನಿಗೆ ಲೋಕದ ಎಲ್ಲ ಶಬ್ದಗಳೂ ಬಲಗಡೆಯಿಂದಲೇ ಬರುತ್ತಿದ್ದವು. ಎಡಗಿವಿಯ ಜಾಗದಲ್ಲಿ ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಹಾಗೆ: ಇದೆ, ತನ್ನದೇ, ಆದರೆ ಮುಟ್ಟಿದರೆ ಬೇರೆಯವರದ್ದನ್ನು ಮುಟ್ಟಿದಂತೆ. ಕಾರಿನಲ್ಲಿ ಹೆಂಡತಿ ತೃಪ್ತಿ ಕೂರುತ್ತಿದ್ದದ್ದು ಬಲಗಡೆ. ಊಟದ ಮೇಜಿನಲ್ಲಿ ಅವನು ತಾನಾಗಿಯೇ ಎಡತುದಿಯ ಕುರ್ಚಿಗೆ ಬದಲಾಗಿದ್ದ. ಅಲ್ಲಿಂದ ಕಿಟಕಿ ಚೆನ್ನಾಗಿ ಕಾಣುತ್ತದೆ ಎಂದಿದ್ದ. ಕಿಟಕಿಯಾಚೆ ಪಕ್ಕದ ಮನೆಯ ಕಸದ ತೊಟ್ಟಿಗಳಲ್ಲದೆ ಬೇರೇನೂ ಇರಲಿಲ್ಲ. ತೃಪ್ತಿ ಒಮ್ಮೆ ಆ ಕಡೆ ನೋಡಿ, ಅವನ ತಟ್ಟೆಯನ್ನು ಅಲ್ಲಿಗೆ ಸರಿಸಿದ್ದಳು.

ಕಿವಿ ಹೋದದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಎದ್ದಾಗ ಈಜಿ ಬಂದವನಂತೆ ಕಿವಿಯೊಳಗೆ ಏನೋ ತುಂಬಿಕೊಂಡಿತ್ತು. "ಡಾಕ್ಟರ್ ಹತ್ರ ಹೋಗು, ಇವತ್ತೇ ಹೋಗು" ಎಂದು ತೃಪ್ತಿ ಲ್ಯಾಬಿಗೆ ಹೊರಡುವಾಗ ಹೇಳಿದ್ದಳು. ಆಫೀಸಿನಲ್ಲಿ ರಿಲೀಸ್ ವಾರ; ಅವನು ಹೋಗಲಿಲ್ಲ. ಸಂಜೆ ಅವಳು ಕೇಳಿದಾಗ, ಹೋಗಿದ್ದೆ, ಗುಗ್ಗೆಯಂತೆ, ಡ್ರಾಪ್ಸ್ ಕೊಟ್ಟಿದ್ದಾರೆ ಎಂದ. ಅಷ್ಟು ಸಣ್ಣ ಸುಳ್ಳು. ನಾಳೆ ಹೋಗಿ ನಿಜ ಮಾಡಿಬಿಡಬಹುದಾದಂಥದ್ದು. ಮೂರು ವಾರದ ನಂತರ ಕೊನೆಗೂ ಹೋದಾಗ, ಅವನಿಗಿಂತ ಬಹಳ ಚಿಕ್ಕ ವಯಸ್ಸಿನ ಡಾಕ್ಟರು ಕಿವಿ ಪರೀಕ್ಷೆಯ ಗ್ರಾಫನ್ನು ಅವನ ಕಡೆ ತಿರುಗಿಸಿ, ಮೊದಲ ಕೆಲವು ದಿನಗಳಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಬಹಳ ಮೃದುವಾಗಿ ಹೇಳಿದಳು. ಆ ಗ್ರಾಫನ್ನು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಫೋನುಗಳಲ್ಲಿ ಧ್ವನಿ ಹೇಗೆ ಹಾಯಬೇಕೆಂದು ಕೋಡ್ ಬರೆದವನು. ಈಗಲೂ ಆಫೀಸಿನ ಲಿಸನಿಂಗ್ ಟೆಸ್ಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಅರೆಮುಚ್ಚಿ, ಸ್ಕ್ರೀನಿನ ಅಲೆಗಳನ್ನು ನೋಡಿ ಅಂಕ ಕೊಡುತ್ತಿದ್ದ. ಟೀಮಿನವರು ಅವನ ಅಂಕಕ್ಕಾಗಿ ಕಾಯುತ್ತಿದ್ದರು. ತೃಪ್ತಿಗೆ ಹೇಳಬೇಕೆಂದರೆ ಮೊದಲ ದಿನದಿಂದ ಹೇಳಬೇಕು. ಪ್ರತಿ ವಾರ ಮೊದಲ ದಿನ ಇನ್ನೊಂದು ವಾರ ಹಿಂದಕ್ಕೆ ಹೋಗುತ್ತಿತ್ತು.

ಟೆಮೆಕ್ಯುಲಾ ಬಂತು, ಹೋಯಿತು. ಬೆಟ್ಟಗಳು ಈ ಸಲದ ಮಳೆಗೆ ಹಸಿರಾಗಿದ್ದವು. ಹಸಿರಾಗಿವೆ ಎಂದು ಅವನು ಗಮನಿಸಿದ, ಅಷ್ಟೇ. ಹೋಗುತ್ತಿದ್ದದ್ದು ಡೈಮಂಡ್ ಬಾರ್‌ಗೆ, ಭಾವಮೈದುನ ಜಿತೇಶನ ಮನೆಗೆ. ಅತ್ತೆ ಜಲಜಾಕ್ಷಿ ಈಗ ಅಲ್ಲಿದ್ದರು. ಎರಡು ಸಾವಿರದ ಇಪ್ಪತ್ತರಲ್ಲಿ ಮೂರು ತಿಂಗಳಿಗೆಂದು ಉಡುಪಿಯಿಂದ ಬಂದು, ವಿಮಾನಗಳು ನಿಂತು, ಆಮೇಲೆ ಅಭ್ಯಾಸವಾಗಿ, ಮಗಳ ಮನೆಯಲ್ಲೇ ಉಳಿದವರು. ಅಕ್ಟೋಬರಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಆಸ್ಪತ್ರೆಯಿಂದ ನೇರ ಮಗನ ಮನೆಗೆ ಹೋಗುತ್ತೇನೆಂದರು. ಅಲ್ಲಿ ಕೆಳಗೇ ಬೆಡ್‌ರೂಮು, ಕೆಳಗೇ ಬಚ್ಚಲು, ಮೆಟ್ಟಿಲಿನ ರಗಳೆಯಿಲ್ಲ ಎಂದು ಎಲ್ಲರೂ ಹೇಳಿದರು. ಗಿರಿಧರನ ಮನೆಯಲ್ಲೂ ಬೆಡ್‌ರೂಮು ಕೆಳಗೇ ಇತ್ತು, ಬಚ್ಚಲೂ ಕೆಳಗೇ. ಅದನ್ನು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವರ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟವನು ಅವನೇ. "ಹುಷಾರು, ಅದರಲ್ಲಿ ಸೀಡಿ ಉಂಟು" ಎಂದಷ್ಟೇ ಅವರು ಹೇಳಿದ್ದರು, ಸೂಟ್‌ಕೇಸಿಗೆ ಹೇಳಿದಂತೆ.

ಅವರು ಬಿದ್ದದ್ದು ಒಂದು ಮಂಗಳವಾರ. ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ, ಹನ್ನೊಂದು ಗಂಟೆಯ ಮೀಟಿಂಗು ಬೇಗ ಮುಗಿದಿತ್ತು. ಸೋಫಾದ ಮೇಲೆ ಬಲಮಗ್ಗುಲಾಗಿ ಮಲಗಿದ. ಬಲಗಿವಿ ದಿಂಬಿಗೆ ಒತ್ತಿಕೊಂಡಿತೆಂದರೆ ಮನೆಯೆಲ್ಲ ಒಮ್ಮೆಲೇ ಆರಿಹೋಗುತ್ತಿತ್ತು. ಅವನು ಅದನ್ನು ಕಂಡುಕೊಂಡಿದ್ದ, ದಿನಕ್ಕೊಮ್ಮೆ ಬಳಸುತ್ತಿದ್ದ. ನಿದ್ದೆಯಲ್ಲ. ಕಣ್ಣು ತೆರೆದೇ ಇತ್ತು, ಕಾಫಿ ಟೇಬಲ್ಲಿನ ಕಾಲೊಂದು ಎದುರಿಗಿತ್ತು. ಹನ್ನೆರಡೂ ಕಾಲಿಗೆ ತೃಪ್ತಿ ಗರಾಜಿನ ಬಾಗಿಲಿನಿಂದ ಒಳಗೆ ಬಂದಳು. ಅವಳ ಷೂ ಕಂಡಿತು, ಆಮೇಲೆ ಮುಖ. ಅವಳು ಅವನ ತೆರೆದ ಕಣ್ಣುಗಳನ್ನು ಒಂದು ಕ್ಷಣ ನೋಡಿದಳು; ನೋಡುತ್ತಲೇ ಬಚ್ಚಲಿನ ಕಡೆ ಓಡಿದಳು. ಇಪ್ಪತ್ತು ಅಡಿಯೂ ಇರಲಿಲ್ಲ. ತಲೆಯೆತ್ತಿದಾಗ ಅವನಿಗೂ ಅತ್ತೆಯ ಧ್ವನಿ ಕೇಳಿಸಿತು, ಒಡೆದುಹೋದ ಧ್ವನಿ, ಮುಕ್ಕಾಲು ಗಂಟೆಯಿಂದ ಕೂಗಿ ಸವೆದದ್ದು. ಆಮೇಲೆ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ, ಪರದೆಯ ಹಿಂದೆ ಅಮ್ಮ ಮಗಳಿಗೆ ತುಳುವಿನಲ್ಲಿ ಏನೇನೋ ಹೇಳುತ್ತಿದ್ದರು. ಬೆಂಗಳೂರಿನವನಾದ ಅವನಿಗೆ ತುಳು ಬರುತ್ತಿರಲಿಲ್ಲ. ಆ ಮಾತಿನ ನಡುವೆ ಅವನ ಹೆಸರು ಮಾತ್ರ ಅರ್ಥವಾಯಿತು, ಎರಡು ಸಲ. "ಇಯರ್‌ಬಡ್ಸ್ ಹಾಕ್ಕೊಂಡಿದ್ದೆ, ಕಾಲ್‌ನಲ್ಲಿದ್ದೆ" ಎಂದ ಅವನು, ಯಾರೂ ಕೇಳುವ ಮೊದಲೇ. ತೃಪ್ತಿ ಅವನ ಕಿವಿಯನ್ನು ನೋಡಿದಳು, ನೆಲ ನೋಡಿದಳು, "ಇನ್ಶೂರೆನ್ಸ್ ಕಾರ್ಡ್ ಕೊಡು" ಎಂದಳು. ಆಮೇಲಿನ ಐದು ತಿಂಗಳಲ್ಲಿ ಅವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಾಲು ಮುಗಿದಿದೆ ಎನ್ನುತ್ತಿದ್ದಳು, ಕಾರಿನ ಸರ್ವಿಸ್ ಬಂದಿದೆ ಎನ್ನುತ್ತಿದ್ದಳು. ಮೊನ್ನೆ, "ಅಮ್ಮನಿಗೆ ಎರಡು ಸ್ಪೀಕರ್ ಇರೋ ಸ್ಟೀರಿಯೋ ಬೇಕಂತೆ. ನೀನೇ ತಗೊಂಡು ಹೋಗಿ ಫಿಟ್ ಮಾಡಿ ಬಾ, ನನಗೆ ಶನಿವಾರ ಲ್ಯಾಬ್ ಇದೆ" ಎಂದಳು. ಅದು ಶಿಕ್ಷೆಯೋ ಅವಕಾಶವೋ ಅವಳ ಮುಖ ನೋಡಿ ಹೇಳುವಂತಿರಲಿಲ್ಲ.

ಜಿತೇಶ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಕಾರಿನ ಕೀ. "ಬನ್ನಿ ಬಾವ. ಟ್ರಾಫಿಕ್ ಇತ್ತಾ? ನಾನು ಮಗಳನ್ನ ಸ್ವಿಮ್ಮಿಂಗಿಂದ ಪಿಕಪ್ ಮಾಡ್ಲಿಕ್ಕೆ ಹೋಗ್ಬೇಕು, ಇನ್ನೂ ಹದಿನೈದು ನಿಮಿಷ ಉಂಟು" ಎನ್ನುತ್ತ ಪೆಟ್ಟಿಗೆಯ ಒಂದು ತುದಿ ಹಿಡಿದ. ಒಳಗಿನ ಕೋಣೆಯಲ್ಲಿ ಜಲಜಾಕ್ಷಿ ಮಂಚದ ಮೇಲೆ ಕಾಲು ಚಾಚಿ ಒರಗಿ ಕೂತಿದ್ದರು. ಪಕ್ಕದಲ್ಲಿ ವಾಕರ್. ಕೂದಲನ್ನು ಯಾರೋ ಕತ್ತಿನವರೆಗೆ ಕತ್ತರಿಸಿದ್ದರು, ನೋಡಿಕೊಳ್ಳಲು ಸುಲಭವೆಂದಿರಬೇಕು. ಅದರಿಂದ ಅವರು ಬೇರೆ ಯಾರದೋ ಅತ್ತೆಯಂತೆ ಕಂಡರು. "ಬಂದ್ರಾ" ಎಂದರು. "ಊಟ ಮಾಡಿ ಕೆಲಸ ಶುರು ಮಾಡಿ" ಎಂದರು. ನಂತರ ಗೋಡೆ ನೋಡಿದರು.

ಅವನು ಊಟ ಬೇಡವೆಂದು ನೆಲದ ಮೇಲೆ ಮಂಡಿಯೂರಿದ. ಥರ್ಮೋಕೋಲಿನಿಂದ ಯಂತ್ರವನ್ನು ಬಿಡಿಸಿದ. ದೊಡ್ಡ ನಿಘಂಟಿನಷ್ಟು ಇತ್ತು. ಎರಡು ಸ್ಪೀಕರುಗಳು, ಎರಡು ತಂತಿಗಳು, ರೇಡಿಯೋದ ಆಂಟೆನಾವೆಂದು ಒಂದು ದಾರದಂಥದ್ದು, ಬ್ಯಾಟರಿಯ ನಡುವೆ ಪ್ಲಾಸ್ಟಿಕ್ ಎಲೆ ಸಿಕ್ಕಿಸಿದ್ದ ರಿಮೋಟು. ಕೈಗಳು ಕೆಲಸ ಮಾಡುತ್ತಿದ್ದವು, ಅವನು ಅವುಗಳನ್ನು ನೋಡುತ್ತಿದ್ದ. ಕೆಂಪು ತಂತಿ ಕೆಂಪು ಕ್ಲಿಪ್ಪಿಗೆ, ಕಪ್ಪು ಕಪ್ಪಿಗೆ. ಸ್ಪೀಕರುಗಳನ್ನು ಗೋಡೆಯ ಎರಡು ಮೂಲೆಗಳಲ್ಲಿ ಸ್ಟೂಲಿನ ಮೇಲಿಟ್ಟು, ಮಂಚದ ಕಡೆ ಸ್ವಲ್ಪ ತಿರುಗಿಸಿದ. ಕೇಳುವವರ ತಲೆ, ಎರಡು ಸ್ಪೀಕರು, ಮೂರೂ ಸೇರಿ ಸಮಭುಜ ತ್ರಿಕೋನವಾಗಬೇಕು. ಇದನ್ನು ಅವನು ಹೊಸ ಇಂಜಿನಿಯರುಗಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದ. ಪ್ಲಗ್ ಹಾಕಿದೊಡನೆ ಪುಟ್ಟ ಕಿಟಕಿಯಲ್ಲಿ ವೆಲ್‌ಕಮ್ ಎಂಬ ಅಕ್ಷರಗಳು ಹರಿದುಹೋದವು. ಯಂತ್ರದ ಮಟ್ಟಿಗೆ ಇನ್ನೂ ಮಧ್ಯರಾತ್ರಿ ಹನ್ನೆರಡು ಗಂಟೆ.

ಜಲಜಾಕ್ಷಿ ದಿಂಬಿನ ಕೆಳಗಿನಿಂದ ಒಂದು ಸೀಡಿ ತೆಗೆದು ಜಿತೇಶನ ಕೈಗೆ ಕೊಟ್ಟರು. ಜಿತೇಶ ಗಿರಿಧರನಿಗೆ ಕೊಟ್ಟ. ಮೇಲೆ ಬಾಲ್‌ಪೆನ್ನಿನಲ್ಲಿ ಒಂದು ತಾರೀಖು, ಶಾಲೆಯೊಂದರ ಹೆಸರು. ಅವರ ತಮ್ಮ ಶಂಭು ಹೈಸ್ಕೂಲು ಮೇಷ್ಟ್ರು. ಮಳೆಗಾಲದ ರಜೆಗಳಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಬರೀ ಮಾತಿನಲ್ಲಿ ನಡೆಸುವ ಆಟ. ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಜಲಜಾಕ್ಷಿ ರಾಂಚೊ ಬರ್ನಾರ್ಡೊದ ಅಡುಗೆಮನೆಯಲ್ಲಿ ಫೋನಿನ ವಿಡಿಯೋದಲ್ಲಿ ಅಂತ್ಯಕ್ರಿಯೆ ನೋಡಿದ್ದರು. ನೆಟ್‌ವರ್ಕ್ ಸರಿಮಾಡುತ್ತ ಗಿರಿಧರ ಪಕ್ಕದಲ್ಲಿ ನಿಂತಿದ್ದ. ಆಗ ಅವರು ಅವನ ತೋಳು ಹಿಡಿದುಕೊಂಡಿದ್ದರು.

ಸೀಡಿ ತಿರುಗಿತು. ಮದ್ದಳೆ, ತಾಳ, ಭಾಗವತರ ಎತ್ತರದ ಒಂದು ಎಳೆತ, ನಂತರ ಮಾತು. ಸಂಧಾನಕ್ಕೆಂದು ಬಂದ ರಾಯಭಾರಿಯೊಬ್ಬ ಅರಸನೊಬ್ಬನಿಗೆ ಯುದ್ಧ ಬೇಡವೆಂದು ಹೇಳುತ್ತಿದ್ದ. ಪ್ರಶ್ನೆ ಕೇಳಿ, ಮಾತು ನಿಲ್ಲಿಸುತ್ತಿದ್ದ. ಬಹಳ ಹೊತ್ತು ಮೌನ, ದೂರದಲ್ಲೆಲ್ಲೋ ಗೊಣಗಾಟ, ಮತ್ತೆ ರಾಯಭಾರಿ. ಎಷ್ಟು ಚೆನ್ನಾಗಿ ನಿಲ್ಲಿಸುತ್ತಾನೆ ಎಂದು ಗಿರಿಧರನಿಗೆ ಅನಿಸಿತು. ಅವನು ಪರಿಣತನಂತೆ ತಲೆದೂಗಿ, "ಸೆಪರೇಷನ್ ತುಂಬ ಚೆನ್ನಾಗಿದೆ, ಎರಡೂ ಕಡೆಯ ಸೌಂಡ್ ಬೇರೆಬೇರೆಯಾಗಿ ಕೇಳತ್ತೆ. ಈ ಸೈಜಿಗೆ ಇಷ್ಟು ಬರೋದು ಕಷ್ಟ" ಎಂದ.

"ಅರಸ ಮಾತಾಡುವುದೇ ಇಲ್ಲ ಅಲ್ವಾ" ಎಂದರು ಜಲಜಾಕ್ಷಿ.

"ಪಾತ್ರ ಹಾಗಿರಬಹುದು ಅತ್ತೆ. ಯೋಚನೆ ಮಾಡ್ತಿದ್ದಾನೇನೋ."

"ಅರಸ ನನ್ನ ತಮ್ಮ. ಅವನು ಯೋಚನೆ ಮಾಡುವ ಜನ ಅಲ್ಲ."

ಜಿತೇಶ ನಕ್ಕುಬಿಟ್ಟ. "ಅಯ್ಯೋ ಬಾವ, ಲೆಫ್ಟ್ ಡೆಡ್ ಉಂಟಲ್ಲ! ಶಂಭುಮಾವ ಇಬ್ಬರಿಗೂ ಬೇರೆಬೇರೆ ಮೈಕ್ ಇಟ್ಟು, ಒಬ್ಬೊಬ್ಬರದ್ದು ಒಂದೊಂದು ಸ್ಪೀಕರಲ್ಲಿ ಬರುವ ಹಾಗೆ ರೆಕಾರ್ಡ್ ಮಾಡಿಸ್ತಿದ್ದದ್ದು. ನಿಮಗೆ ಗೊತ್ತಾಗ್ಲಿಲ್ವಾ? ಟ್ವೆಂಟಿ ಇಯರ್ಸ್ ಆಡಿಯೋದಲ್ಲಿ ಇದ್ದವರಿಗೆ?" ಎಂದು ತಾನೇ ಬಗ್ಗಿ ಎಡಗಡೆಯ ಸ್ಪೀಕರಿನ ಹಿಂದೆ ನೋಡಿದ. ತಂತಿಯ ಪ್ಲಾಸ್ಟಿಕ್ ಸಿಪ್ಪೆ ಸುಲಿದಿರಲಿಲ್ಲ. ಗಿರಿಧರ ಸಿಪ್ಪೆಯ ಸಮೇತ ಕ್ಲಿಪ್ಪಿಗೆ ಸಿಕ್ಕಿಸಿದ್ದ. ಕಾಲೇಜು ಹುಡುಗರು ಮಾಡುವ ತಪ್ಪು. ಜಿತೇಶ ಹಲ್ಲಿನಿಂದ ಕಚ್ಚಿ ಸುಲಿದು ತಾಮ್ರವನ್ನು ಒಳಗೆ ಒತ್ತಿದ. ಅರಸನ ಮಾತು ಬಂತೆಂದು ಗಿರಿಧರನಿಗೆ ಮೊದಲು ಕಿವಿಯಿಂದ ತಿಳಿಯಲಿಲ್ಲ, ಜಲಜಾಕ್ಷಿಯ ಕೈಯಿಂದ ತಿಳಿಯಿತು. ಹೊದಿಕೆಯ ನಿರಿಗೆ ಸರಿಮಾಡುತ್ತಿದ್ದ ಆ ಕೈ ಅಲ್ಲೇ ನಿಂತುಬಿಟ್ಟಿತು. "ಪ್ಲೇನಲ್ಲಿ ಏನೋ ಕಿವಿ ಬ್ಲಾಕ್ ಆಗಿತ್ತು" ಎಂದ ಅವನು. ಎರಡು ತಿಂಗಳಿಂದ ಅವನು ಯಾವ ಪ್ಲೇನನ್ನೂ ಹತ್ತಿರಲಿಲ್ಲ. "ವಯಸ್ಸಾಯ್ತು ನಮಗೆಲ್ಲ" ಎಂದು ಜಿತೇಶ ಅವನ ಬೆನ್ನು ತಟ್ಟಿ, ಕೀ ಆಡಿಸುತ್ತ ಹೊರಟುಹೋದ.

ಈಗ ಕೋಣೆಯಲ್ಲಿ ಇಬ್ಬರೇ, ಜೊತೆಗೆ ಸೀಡಿಯಲ್ಲಿ ಜಗಳವಾಡುವ ಇಬ್ಬರು. ಗಿರಿಧರ ಬಲಗಡೆಯ ಸ್ಪೀಕರಿನ ಪಕ್ಕ ಕೂತು ಗಡಿಯಾರ ಹೊಂದಿಸುವ ಬಟನ್ ಹುಡುಕತೊಡಗಿದ. ಮಂಚ ಅವನ ಎಡಕ್ಕಿತ್ತು. ರಾಯಭಾರಿಯ ಮಾತು ನೇರ ಅವನ ಒಳ್ಳೆಯ ಕಿವಿಗೆ ಬಡಿಯುತ್ತಿತ್ತು. ಅರಸನ ಉತ್ತರ ಗೋಡೆಗೆ ತಾಗಿ ಬಂದಂತೆ ಮಸುಕಾಗಿತ್ತು. ಶಂಭುಮಾವನ ಸ್ವರ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದ. ಬರಲಿಲ್ಲ. ಗಂಟೆಯ ಅಂಕಿ ಬಂತು, ನಿಮಿಷದ ಅಂಕಿ ಮಿನುಗುತ್ತಿತ್ತು. ಯಾಕೋ ತಲೆಯೆತ್ತಿ ನೋಡಿದರೆ ಜಲಜಾಕ್ಷಿ ಅವನನ್ನೇ ನೋಡುತ್ತಿದ್ದರು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರುವವರ ಹಾಗೆ.

"ಈಗ ನಾನು ಎಂತ ಹೇಳಿದೆ?" ಎಂದರು.

ಅವನು ಊಹಿಸಿದ. ಒಂದು ವರ್ಷದಿಂದ ಊಹಿಸಿ ಊಹಿಸಿ ಅದರಲ್ಲಿ ಪಳಗಿದ್ದ. "ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿ ಅಂದ್ರಿ."

"ನಿಮ್ಮ ಹೆಸರು ಹೇಳಿದೆ. ಮೂರು ಸಲ." ಅವರು ರಿಮೋಟಿನ ಮೇಲೆ ಬೆರಳಾಡಿಸಿ ನಿಲ್ಲಿಸುವ ಬಟನ್ ಹುಡುಕಿ ಒತ್ತಿದರು. ರಾಯಭಾರಿಯೂ ಅರಸನೂ ಹೋದರು. ಹೊರಗೆ ಯಾವುದೋ ಮನೆಯ ಅಂಗಳದಲ್ಲಿ ಎಲೆ ಊದುವ ಯಂತ್ರ ಗುಂಯ್‌ಗುಡುತ್ತಿದ್ದದ್ದು ಈಗ ಕೇಳಿಸಿತು. "ಯಾವ ಕಿವಿ?"

"ಎಡಗಡೇದು."

"ಪೂರ್ತಿ?"

"ಪೂರ್ತಿ."

"ಯಾವಾಗಿಂದ?"

"ಹೋದ ವರ್ಷದ ಫೆಬ್ರವರಿಯಿಂದ."

ಅವರು ಮನಸ್ಸಿನಲ್ಲೇ ತಿಂಗಳು ಎಣಿಸುವುದು ಕಾಣಿಸಿತು. ಅಕ್ಟೋಬರಿಗೆ ಬಂದು ನಿಂತರು. ಮುಖದಲ್ಲಿ ಏನೋ ಸಡಿಲವಾಯಿತು. ಐದು ತಿಂಗಳಿಂದ ಬಿಗಿಹಿಡಿದಿದ್ದ ಒಂದು ಸ್ನಾಯು. "ನಾನು ಬಿದ್ದಾಗ ಮೈಮೇಲೆ ಬಟ್ಟೆ ಇರಲಿಲ್ಲ" ಎಂದರು, ಹೊದಿಕೆಯನ್ನು ನೋಡುತ್ತ. "ಅಳಿಯನನ್ನು ಕರೆಯುವುದು ಹೇಗೆ ಅಂತ ಮೊದಲು ಸುಮ್ಮನೆ ಬಿದ್ದುಕೊಂಡಿದ್ದೆ. ತೃಪ್ತಿ ಬರುವುದು ಸಂಜೆ ಅಂತ ತಿಳಿದಿದ್ದೆ. ಆಮೇಲೆ ಕಾಲಿನಲ್ಲಿ ಟವೆಲ್ ಎಳೆದು ಎಳೆದು ಹೊದ್ದುಕೊಂಡೆ. ಅದಕ್ಕೇ ಎಷ್ಟೋ ಹೊತ್ತು ಹೋಯಿತು. ಹೊದ್ದುಕೊಂಡು ಆದ ಮೇಲೆ ಕರೆದೆ. ಗಿರಿಧರ್, ಒಮ್ಮೆ ಬನ್ನಿ ಅಂತ. ನಿಮಗೆ ಅರ್ಥವಾಗಲಿ ಅಂತ ಕನ್ನಡದಲ್ಲೇ ಕರೆದೆ. ನೀವು ಬರಲಿಲ್ಲವಲ್ಲ. ನನ್ನನ್ನು ಹಾಗೆ ನೋಡುವುದು ಅಸಹ್ಯ ಅಂತ ಬರಲಿಲ್ಲ ಅಂದುಕೊಂಡೆ. ಅದನ್ನು ಮಗಳಿಗೂ ಹೇಳಿದೆ. ಹೇಳಬಾರದಿತ್ತು." ಮತ್ತೆ, ಸಮಾಧಾನವಾದವರಂತೆ: "ಹಾಗಾದ್ರೆ ನಿಮಗೆ ಕೇಳಲೇ ಇಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಹೌದು ಎನ್ನಬೇಕಾಗಿಯೂ ಇರಲಿಲ್ಲ. ತಲೆ ತಗ್ಗಿಸಿದ್ದರೆ ಸಾಕಿತ್ತು. ಅವರೇ ಮಗಳಿಗೆ ಫೋನ್ ಮಾಡುತ್ತಿದ್ದರು, ತೃಪ್ತಿ ಅತ್ತು, ಬೈದು, ಒಳ್ಳೆಯ ಡಾಕ್ಟರನ್ನು ಹುಡುಕುತ್ತಿದ್ದಳು. ಮುಂದಿನ ತಿಂಗಳು ಸೂಟ್‌ಕೇಸು ರಾಂಚೊ ಬರ್ನಾರ್ಡೊಗೆ ಮರಳುತ್ತಿತ್ತು. ಇದೆಲ್ಲ ಅವನಿಗೆ ಸ್ಪಷ್ಟವಾಗಿ ಕಂಡಿತು. ಅದರ ಜೊತೆಗೇ ದಿಂಬು ನೆನಪಾಯಿತು. ದಿಂಬಿನ ಮೂಲಕ, ನೀರಿನ ತಳದಲ್ಲಿ ಯಾರೋ ಪಾತ್ರೆ ಇಟ್ಟ ಹಾಗೆ, ಏನೋ ಬಂದಿತ್ತು. ನಿಂತು, ಮತ್ತೆ ಬಂದಿತ್ತು. ಮಾತೆಂದು ತಿಳಿಯುವಂತಿರಲಿಲ್ಲ. ಆದರೆ ತಲೆಯನ್ನು ಎರಡು ಇಂಚು ಎತ್ತಿದ್ದರೆ ತಿಳಿಯುತ್ತಿತ್ತೆಂದು ಅವನಿಗೆ ಆಗಲೇ ಗೊತ್ತಿತ್ತು. ಎತ್ತಿದರೆ ಏನಾದರೂ ಮಾಡಬೇಕಾಗುತ್ತದೆ ಎಂದೂ. ಅವನು ಟೇಬಲ್ಲಿನ ಕಾಲನ್ನು ನೋಡುತ್ತ ಹಾಗೇ ಉಳಿದಿದ್ದ. ಬೇಸರದಿಂದಲ್ಲ, ದ್ವೇಷದಿಂದಲ್ಲ. ಸುಮ್ಮನೆ.

"ಏನೋ ಕೇಳಿಸ್ತು" ಎಂದ ಗಿರಿಧರ.

ಜಲಜಾಕ್ಷಿ ರಿಮೋಟನ್ನು ಪಕ್ಕಕ್ಕಿಟ್ಟರು.

"ನೀವು ಅಂತ ಗೊತ್ತಾಗಲಿಲ್ಲ. ಏನು ಅಂತ ಗೊತ್ತಾಗಲಿಲ್ಲ. ಆದರೆ ಏನೋ ಕೇಳಿಸ್ತು. ಎದ್ದು ನೋಡಲಿಲ್ಲ."

"ಎಷ್ಟು ಸಲ?"

"ಎರಡು ಸಲ. ಮೂರಿರಬಹುದು."

"ನಿದ್ದೆಯಲ್ಲಿದ್ರಾ?"

"ಇಲ್ಲ."

ಸಡಿಲವಾಗಿದ್ದದ್ದು ಮತ್ತೆ ಬಿಗಿಯಾಗುವುದೆಂದು ಅವನು ನೋಡುತ್ತಿದ್ದ. ಹಾಗಾಗಲಿಲ್ಲ, ಬೇರೆ ಯಾವುದೂ ಆಗಲಿಲ್ಲ. ಅವರು ದಣಿದಂತೆ ಕಂಡರು, ಅಷ್ಟೇ. "ಮೊದಲನೇ ಸಲ ಕರೆದಾಗ ನನಗೆ ಹೆದರಿಕೆಯೇ ಇರಲಿಲ್ಲ" ಎಂದರು. "ಬರ್ತೀರಿ ಅಂತ ಗೊತ್ತಿತ್ತು." ಆಮೇಲೆ ತಮ್ಮ ಫೋನನ್ನು ಕೈಗೆತ್ತಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, "ತೃಪ್ತಿಗೆ ಯಾವುದು ಗೊತ್ತುಂಟು? ಕಿವಿಯದ್ದಾ, ಮತ್ತೊಂದಾ?"

"ಎರಡೂ ಗೊತ್ತಿಲ್ಲ."

"ಹೇಳಿ." ಅವರೇ ನಂಬರ್ ಒತ್ತಿ ಅವನ ಕಡೆ ಚಾಚಿದರು. ಅವನು ಎದ್ದು, ಮಂಚದ ಅಂಚಿನಲ್ಲಿ ಕೂತು, ಬಲಗಿವಿಗೆ ಹಿಡಿದ. ತೃಪ್ತಿ, ಅಮ್ಮನೆಂದು ತಿಳಿದು, ತುಳುವಿನಲ್ಲಿ ಏನೋ ಕೇಳಿದಳು. "ನಾನು" ಎಂದ. "ನಿನಗೊಂದು ವಿಷಯ ಹೇಳಬೇಕು. ಮೊದಲೇ ಹೇಳಬೇಕಾಗಿತ್ತು." ಅತ್ತ ಏನೋ ಯಂತ್ರದ ಸದ್ದಿತ್ತು, ಅದು ನಿಂತಿತು; ಅವಳು ಬಾಗಿಲು ಹಾಕಿಕೊಂಡಿರಬೇಕು. "ಅಮ್ಮ ಅಲ್ಲೇ ಇದ್ದಾರಾ?" "ಇದ್ದಾರೆ." "ಹಾಗಾದ್ರೆ ಸ್ಪೀಕರ್‌ಗೆ ಹಾಕು. ಇಬ್ಬರಿಗೂ ಒಂದೇ ಸಲ ಹೇಳು."

ಅವನು ಫೋನನ್ನು ಹೊದಿಕೆಯ ಮೇಲೆ, ಜಲಜಾಕ್ಷಿಯ ಮಂಡಿಯ ಹತ್ತಿರ ಇಟ್ಟು ಹೇಳಿದ. ಫೆಬ್ರವರಿಯಿಂದ ಶುರುಮಾಡಿದ: ಡಾಕ್ಟರ ಬಳಿ ಹೋಗದಿದ್ದರೂ ಹೋಗಿದ್ದೆನೆಂದು ಸುಳ್ಳು ಹೇಳಿದ್ದು, ಗ್ರಾಫು, ಕುರ್ಚಿ ಬದಲಿಸಿದ್ದು, ಇಯರ್‌ಬಡ್ಸ್ ಇರಲಿಲ್ಲವೆಂಬುದು. ದಿಂಬಿನ ವಿಷಯಕ್ಕೆ ಬಂದಾಗ ಧ್ವನಿ ನಡುಗಬಹುದೆಂದು ಅವನಿಗೆ ಅನಿಸಿತ್ತು. ನಡುಗಲಿಲ್ಲ. ಮೀಟಿಂಗಿನಲ್ಲಿ ಬಗ್ ವಿವರಿಸುವವನಂತೆ ಕೊನೆಯವರೆಗೂ ಸಮವಾಗಿ ಹೇಳಿ ಮುಗಿಸಿದ. ಎಲೆ ಊದುವವನು ಕಿಟಕಿಯ ಹತ್ತಿರಕ್ಕೇ ಬಂದಿದ್ದ. ಅವನ ಟೋಪಿ ಗಾಜಿನಾಚೆ ಹಿಂದೆ ಮುಂದೆ ಹೋಗುತ್ತಿತ್ತು. ಗಿರಿಧರ ಉತ್ತರಕ್ಕೆ ಕಾದ. ಫೋನಿನ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಅವಳು ಇಟ್ಟುಬಿಟ್ಟಿಲ್ಲ.

"ತೃಪ್ತಿ?" ಎಂದ. "ಏನಾದ್ರೂ ಹೇಳು."

ಜಲಜಾಕ್ಷಿ ಅವನನ್ನು ನೋಡಿದರು, ಫೋನನ್ನು ನೋಡಿದರು.

"ಅಳ್ತಾ ಇದ್ದಾಳೆ" ಎಂದರು. "ಆಗಲೇ ಶುರು ಮಾಡಿದ್ದಾಳೆ. ನಿಮಗೆ ಕೇಳುವುದಿಲ್ವಾ?"

ಅವನು ಮಂಚದ ಮೇಲೆ ಎರಡೂ ಕೈ ಊರಿ, ಬಗ್ಗಿ, ಬಲಗಿವಿಯನ್ನು ಫೋನಿಗೆ ತಾಗುವಷ್ಟು ಹತ್ತಿರ ತಂದ.